ಒಂದು ತಳಿ ಚಿಗುರುತ್ತದೆ, ಇನ್ನೊಂದು ಕಪ್ಪಾಗುತ್ತದೆ: ಸ್ಟ್ರಾಬೆರಿಯ ಮರುಚಿಗುರುವ ಗುಣ ಎಲ್ಲಿಂದ ಬರುತ್ತದೆ?

ಸ್ಟ್ರಾಬೆರಿ ಹಣ್ಣಿನ ಮೈಮೇಲೆ ಎಳ್ಳಿನ ಹಾಗೆ ಅಂಟಿಕೊಂಡಿರುವ ಬೀಜಗಳನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ರೈತರು ಅವನ್ನು ಬಿತ್ತುವುದಿಲ್ಲ. ಗಿಡ ನೆಲದ ಮೇಲೆ ಹಂಬು ಬಿಡುತ್ತದೆ. ಹಂಬಿನ ಗಿಣ್ಣಿನಲ್ಲಿ ಬೇರೂರಿದ ಮರಿಯನ್ನು ಕಿತ್ತು ನೆಟ್ಟರೆ ಅದು ತಾಯಿಯದ್ದೇ ಪಡಿಯಚ್ಚು. ಬೀಜದ ಗಿಡ ಹಾಗಲ್ಲ. ಒಂದೇ ಹಣ್ಣಿನ ನೂರು ಬೀಜ ಬಿತ್ತಿದರೆ ನೂರು ಬೇರೆ ಬೇರೆ ಗಿಡ ಬರುತ್ತವೆ. ಒಂದರ ಹಣ್ಣು ಸಿಹಿ, ಇನ್ನೊಂದರದ್ದು ಹುಳಿ. ಒಂದು ಬೇಗ ಹೂ ಬಿಡುತ್ತದೆ, ಮತ್ತೊಂದು ತಡ.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಕೆವಿನ್ ಫೋಲ್ಟಾ ಮತ್ತು ಜೊತೆಗಾರರು ಬೇಕೆಂದೇ ಬೀಜದ ದಾರಿ ಹಿಡಿದರು. ಅಲ್ಲಿನ ಹೊಲಗಳಲ್ಲಿ ಆಗ 'ಸ್ಟ್ರಾಬೆರಿ ಫೆಸ್ಟಿವಲ್' ಎಂಬ ತಳಿ ಹೆಸರು ಮಾಡಿತ್ತು. 'ರೋಸಾ ಲಿಂಡಾ' ಮತ್ತು 'ಓಸೊ ಗ್ರಾಂಡೆ' ತಳಿಗಳನ್ನು ಸಂಕರ ಮಾಡಿ ಅದೇ ವಿಶ್ವವಿದ್ಯಾಲಯ 2000ದಲ್ಲಿ ಬಿಡುಗಡೆ ಮಾಡಿದ ತಳಿ ಅದು. ಅದರ ಹೂವಿಗೆ ಅದರದ್ದೇ ಪರಾಗ ಸೇರಿಸಿ ಹುಟ್ಟಿಸಿದ ಸಸಿಗಳ ನಡುವೆ ಅವರು ಒಂದೇ ಒಂದು ಗುಣವನ್ನು ಹುಡುಕಿದರು. ಹಣ್ಣಿನ ರುಚಿಯಲ್ಲ, ಬಣ್ಣವೂ ಅಲ್ಲ. ಎಲೆಯ ಚೂರನ್ನು ಲ್ಯಾಬ್‌ನ ತಟ್ಟೆಯಲ್ಲಿಟ್ಟರೆ ಯಾವ ಸಸಿಯ ಎಲೆ ಬೇಗ ಹೊಸ ಚಿಗುರು ಕೊಡುತ್ತದೆ ಎಂದು ನೋಡಿದರು. ಹಾಗೆ ಸಿಕ್ಕಿದ ಗಿಡಕ್ಕೆ 'ಲ್ಯಾಬೊರೇಟರಿ ಫೆಸ್ಟಿವಲ್ 9' ಎಂದು ಹೆಸರಿಟ್ಟರು. ಚಿಕ್ಕದಾಗಿ ಎಲ್ಎಫ್9. ಇದರ ವಿವರ 2006ರಲ್ಲಿ ಪ್ರಕಟವಾಯಿತು.

ಇಲ್ಲಿ ತಾಯಿಯೂ ಅದೇ ಗಿಡ, ತಂದೆಯೂ ಅದೇ ಗಿಡ. ಆದರೂ ಮಕ್ಕಳಲ್ಲಿ ಒಂದು ಉಳಿದವನ್ನು ಹಿಂದೆ ಹಾಕಿತು. ಅಂದರೆ ಚಿಗುರುವ ಶಕ್ತಿಯ ದೊಡ್ಡ ಪಾಲು ಲ್ಯಾಬ್‌ನಲ್ಲಿ ಕೊಟ್ಟ ಆಹಾರದಲ್ಲಿ ಇರಲಿಲ್ಲ, ಗಿಡದೊಳಗೇ ಇತ್ತು. ತಾಯಿಯಿಂದ ಮಗುವಿಗೆ ದಾಟುವಾಗ ಅದು ಹಂಚಿಹೋಗಿ, ಒಂದು ಮಗುವಿನಲ್ಲಿ ಚೆನ್ನಾಗಿ ಕೂಡಿಬಂತು.

ಟಿಶ್ಯೂ ಕಲ್ಚರ್ ಲ್ಯಾಬ್‌ಗಳಲ್ಲಿ ಒಂದು ತಳಿ ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಮೀಡಿಯಾ, ಅಂದರೆ ಗಿಡದ ಚೂರು ಬೆಳೆಯಲು ತಟ್ಟೆಯಲ್ಲೋ ಬಾಟಲಿಯಲ್ಲೋ ಹಾಕುವ ಆಹಾರ. ಸಕ್ಕರೆ ಬದಲಿಸು, ಹಾರ್ಮೋನ್ ಬದಲಿಸು, ಎರಡು ವಾರ ಕತ್ತಲಲ್ಲಿಡು, ಅದನ್ನು ಗಟ್ಟಿಮಾಡುವ ಅಗರ್ ಬೇರೆ ಕಂಪನಿಯದ್ದು ತರಿಸು. ಈ ಪ್ರಯತ್ನಗಳೆಲ್ಲ ಬೇಕು, ನಿಜ. ಆದರೆ ಹಣ್ಣಿನ ಬಣ್ಣದ ಹಾಗೆ, ರೋಗ ತಡೆಯುವ ಶಕ್ತಿಯ ಹಾಗೆ, ತಟ್ಟೆಯಲ್ಲಿ ಚಿಗುರುವುದೂ ಗಿಡದ ಒಂದು ಗುಣ. ಅದು ವಂಶದಲ್ಲಿ ಹರಿಯುತ್ತದೆ, ಅದನ್ನು ಆರಿಸಬಹುದು, ಸಂಕರದಿಂದ ಹೆಚ್ಚಿಸಬಹುದು. ತಳಿ ಅಭಿವೃದ್ಧಿ ಮಾಡುವವರು ಇದನ್ನು ತಮ್ಮ ಕೆಲಸ ಅಂದುಕೊಳ್ಳದೆ ಲ್ಯಾಬ್‌ನವರ ತಲೆನೋವು ಎಂದು ಬಿಟ್ಟಿರುವುದು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ಟಿಶ್ಯೂ ಕಲ್ಚರ್ ಅಂದ ತಕ್ಷಣ ನೆನಪಾಗುವುದು ಜಿ-9 ಬಾಳೆ. ಅಲ್ಲಿ ನಡೆಯುವುದು ಬೇರೆ ಕೆಲಸ. ಬಾಳೆಯ ಕಂದಿನ ತುದಿಯಲ್ಲಿ ಚಿಗುರು ಆಗಲೇ ಇದೆ. ಅದನ್ನು ತೆಗೆದು ಬಾಟಲಿಯಲ್ಲಿಟ್ಟು, ಪಕ್ಕದಲ್ಲಿ ಮಲಗಿರುವ ಮೊಗ್ಗುಗಳನ್ನು ಎಬ್ಬಿಸುತ್ತಾರೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಸ್ಟ್ರಾಬೆರಿಯಲ್ಲೂ ಈ ದಾರಿ ಹಳೆಯದು. ಬೆಲ್ಜಿಯಂನ ಫಿಲಿಪ್ ಬಾಕ್ಸಸ್ 1974ರಲ್ಲಿ ಅದನ್ನು ತೋರಿಸಿಕೊಟ್ಟ ಮೇಲೆ ಯುರೋಪಿನ ನರ್ಸರಿಗಳು ಅದನ್ನು ಹಿಡಿದವು. ಗಿಡದ ತುದಿಯ ಪುಟ್ಟ ಮೊಗ್ಗನ್ನು ಬಳಸಿದರೆ ವೈರಸ್ ಇಲ್ಲದ ಸಸಿ ಪಡೆಯಬಹುದು ಎಂಬುದು ಇನ್ನೊಂದು ಲಾಭ. ಇದರಲ್ಲೂ ತಳಿಯಿಂದ ತಳಿಗೆ ವ್ಯತ್ಯಾಸ ಇದೆ, ಆದರೆ ಹೆಚ್ಚಿನ ತಳಿಗಳು ಒಂದಲ್ಲ ಒಂದು ರೀತಿಯಲ್ಲಿ ಒಗ್ಗುತ್ತವೆ.

ನಾನಿಲ್ಲಿ ಹೇಳುತ್ತಿರುವುದು ಎರಡನೇ ದಾರಿ. ಎಲೆಯ ಒಂದು ಚೂರು. ಅದರಲ್ಲಿ ಮೊಗ್ಗು ಇಲ್ಲ. ಆ ಎಲೆಯ ಜೀವಕೋಶಗಳು ಆಗಲೇ ಬೆಳೆದು, ಎಲೆಯ ಕೆಲಸಕ್ಕೆ ನಿಂತುಬಿಟ್ಟಿವೆ. ಅಂಥ ಕೋಶ ತಾನು ಎಲೆ ಎಂಬುದನ್ನು ಮರೆಯಬೇಕು. ಮತ್ತೆ ಎಳೆಯದಾಗಬೇಕು. ಆಮೇಲೆ ಇಡೀ ಹೊಸ ಗಿಡದ ತುದಿಯನ್ನು ಕಟ್ಟಬೇಕು. ಯೋಚಿಸಿ ನೋಡಿ, ಇದು ಸಣ್ಣ ಕೆಲಸವಾ? ಹೊಲದಲ್ಲಿ ಯಾವ ಸ್ಟ್ರಾಬೆರಿ ಗಿಡಕ್ಕೂ ಇದನ್ನು ಮಾಡಿ ತೋರಿಸುವ ಪ್ರಸಂಗ ಬರುವುದಿಲ್ಲ. ಎಲೆ ಹರಿದು ಬಿದ್ದರೆ ಅದು ಕೊಳೆಯುತ್ತದೆ, ಅಷ್ಟೆ. ಹಾಗಾಗಿ ನೂರಾರು ವರ್ಷ ತಳಿ ಆರಿಸಿದವರ ಕಣ್ಣಿಗೆ ಈ ಗುಣ ಬಿದ್ದೇ ಇಲ್ಲ. ಯಾರೂ ಆರಿಸಲಿಲ್ಲ, ಯಾರೂ ತಿರಸ್ಕರಿಸಲೂ ಇಲ್ಲ. ತಳಿಗಳ ನಡುವೆ ಇದು ಇಷ್ಟು ಚದುರಿಹೋಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು ಎಂದು ನನಗನ್ನಿಸುತ್ತದೆ.

ಎಲೆಯ ಚೂರಿನೊಳಗೆ ಏನಾಗುತ್ತದೆ ಎಂಬ ತಿಳಿವಳಿಕೆ ಹಂತ ಹಂತವಾಗಿ ಬಂದಿದೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಮೇಲೆ ಕೆಲಸ ಮಾಡಿ ಒಂದು ಸರಳ ನಿಯಮ ಕೊಟ್ಟರು. ಸೈಟೊಕೈನಿನ್ ಎಂಬ ಹಾರ್ಮೋನ್ ಜಾಸ್ತಿ ಇದ್ದರೆ ಚಿಗುರು, ಆಕ್ಸಿನ್ ಜಾಸ್ತಿ ಇದ್ದರೆ ಬೇರು, ಎರಡೂ ಹದವಾಗಿದ್ದರೆ ಕ್ಯಾಲಸ್ ಎಂಬ ಆಕಾರವಿಲ್ಲದ ಕೋಶಗಳ ಗಂಟು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಕೊಟ್ಟ ಮೀಡಿಯಾವನ್ನು ಲ್ಯಾಬ್‌ಗಳು ಇವತ್ತಿಗೂ ಎಂಎಸ್ ಎಂದೇ ಕರೆಯುತ್ತವೆ. ಸ್ಟ್ರಾಬೆರಿ ಎಲೆಗೆ ಥಿಡಿಯಾಜುರಾನ್ ಎಂಬ ರಾಸಾಯನಿಕ ಚೆನ್ನಾಗಿ ಕೆಲಸ ಮಾಡುತ್ತದೆ. ಇದು ಮೊದಲು ಬಂದದ್ದು ಹತ್ತಿ ಗಿಡದ ಎಲೆ ಉದುರಿಸಲು. ಎಲೆ ಉದುರಿಸುವ ಔಷಧಿ ಎಲೆಯ ಚೂರಿನಿಂದ ಗಿಡ ಹುಟ್ಟಿಸುವುದು ನನಗೆ ಇಂದಿಗೂ ಬೆರಗು.

2010ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಕ್ಯಾಲಸ್ ಅಂದರೆ ಎಲ್ಲ ಮರೆತುಹೋದ ಕೋಶಗಳು ಎಂದು ನಂಬಿದ್ದೆವು. ಆದರೆ ಸುಗಿಮೊಟೊ, ಮೆಯರೊವಿಟ್ಜ್ ಮತ್ತು ಜೊತೆಗಾರರು ಅರಾಬಿಡಾಪ್ಸಿಸ್ ಎಂಬ ಚಿಕ್ಕ ಗಿಡದಲ್ಲಿ ನೋಡಿದಾಗ, ಎಲೆಯಂಥ ಭಾಗದಿಂದ ಬಂದ ಕ್ಯಾಲಸ್ ಕೂಡ ಬೇರಿನ ತುದಿಯ ಹಾಗೆ ವರ್ತಿಸುತ್ತಿತ್ತು. ಅಂದರೆ ಗಾಯವಾದ ಎಲೆ ಮೊದಲು ಬೇರಿನ ದಾರಿ ಹಿಡಿಯುತ್ತದೆ. ಆಮೇಲೆ ಸೈಟೊಕೈನಿನ್ ಸಿಕ್ಕಾಗ ಚಿಗುರಿನ ಕಡೆ ಹೊರಳುತ್ತದೆ. ಈ ಹೊರಳುವ ಜಾಗದಲ್ಲಿ ವುಶೆಲ್ ಎಂಬ ಜೀನ್ ಎಚ್ಚರಗೊಳ್ಳಬೇಕು. ಆಗಲೇ ಚಿಗುರಿನ ತುದಿ ನಿಲ್ಲುವುದು.

ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಚಿಗುರು ಬರುವುದಿಲ್ಲ. ಹಾರ್ಮೋನ್ ಹಾಕಿದರೂ ಅದನ್ನು ಗುರುತಿಸುವ ಕೋಶ ಮಂದವಾಗಿರಬಹುದು. ಕತ್ತರಿಸಿದ ಅಂಚಿನಿಂದ ಒಸರುವ ಒಗರಿನ ಫಿನಾಲ್‌ಗಳು ಎಲೆಯನ್ನು ಕಪ್ಪಾಗಿಸಬಹುದು. ಕ್ಯಾಲಸ್ ದಂಡಿಯಾಗಿ ಬಂದು, ಚಿಗುರಿನ ಕಡೆ ಹೊರಳದೆ ಸುಮ್ನೆ ಕುಳಿತುಬಿಡಬಹುದು. ಒಂದೊಂದು ಕೊಂಡಿಗೂ ಬೇರೆ ಬೇರೆ ಜೀನ್‌ಗಳಿವೆ.

ಯಾರೂ ಊಹಿಸದ ಕೊಂಡಿಯೂ ಇರಬಹುದು ಎಂಬುದಕ್ಕೆ ಜಪಾನಿನ ಭತ್ತದ ಉದಾಹರಣೆ ಇದೆ. ಅಲ್ಲಿನ ಜನಪ್ರಿಯ ತಳಿ ಕೊಶಿಹಿಕರಿ ಟಿಶ್ಯೂ ಕಲ್ಚರ್‌ನಲ್ಲಿ ಚಿಗುರುವುದರಲ್ಲಿ ಹಿಂದೆ. ಇಂಡಿಕಾ ಗುಂಪಿನ ಕಸಲತ್ ಮುಂದೆ. ಎರಡನ್ನೂ ಸಂಕರ ಮಾಡಿ, ಮೊಮ್ಮಕ್ಕಳಲ್ಲಿ ಗುಣ ಎಲ್ಲಿ ಕೂತಿದೆ ಎಂದು ಹುಡುಕುತ್ತಾ ಹೋದರು. 2005ರಲ್ಲಿ ಆ ಜೀನ್ ಸಿಕ್ಕಿತು. ಅದು ಹಾರ್ಮೋನಿನ ಜೀನ್ ಆಗಿರಲಿಲ್ಲ. ನೈಟ್ರೈಟ್ ಎಂಬ ಸಾರಜನಕದ ರೂಪವನ್ನು ಅರಗಿಸುವ ಕಿಣ್ವದ ಜೀನ್! ಎಂಎಸ್‌ನಂಥ ಮೀಡಿಯಾಗಳಲ್ಲಿ ನೈಟ್ರೇಟ್ ಜಾಸ್ತಿ. ಕೋಶ ಅದನ್ನು ಮೊದಲು ನೈಟ್ರೈಟ್ ಮಾಡುತ್ತದೆ, ಆಮೇಲೆ ಅಮೋನಿಯಂ. ನಡುವಿನ ನೈಟ್ರೈಟ್ ವಿಷ. ಕೊಶಿಹಿಕರಿಯ ಕೋಶ ಅದನ್ನು ಬೇಗ ಅರಗಿಸುವುದಿಲ್ಲ. ಕಸಲತ್‌ನ ಜೀನ್ ಬಂದ ಮೇಲೆ ಕೊಶಿಹಿಕರಿಯೂ ಚಿಗುರಿತು. ಅಡುಗೆ ಸರಿ ಇದ್ದರೂ ಅರಗಿಸಿಕೊಳ್ಳುವ ಹೊಟ್ಟೆ ಮನೆತನದಿಂದ ಬಂದದ್ದು, ಅಲ್ವಾ?

ಈ ಗುಣವನ್ನು ತಳಿ ಆಯ್ಕೆಯಿಂದ ಏರಿಸಬಹುದು ಎಂದು ತೋರಿಸಿದ್ದು ಇನ್ನೂ ಹಳೆಯ ಮಾತು. ನಮ್ಮಲ್ಲಿ ಹಸುವಿಗೆ ಹಾಕುವ ಕುದುರೆ ಮಸಾಲೆ ಸೊಪ್ಪು ಗೊತ್ತಲ್ಲ, ಅದೇ ಲೂಸರ್ನ್. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬಿಂಗಮ್ ಮತ್ತು ಜೊತೆಗಾರರು ಅದರಲ್ಲಿ ಚೆನ್ನಾಗಿ ಚಿಗುರುವ ಗಿಡಗಳನ್ನೇ ಆರಿಸಿ ತಮ್ಮತಮ್ಮಲ್ಲಿ ಸಂಕರ ಮಾಡಿದರು. ಆ ಮಕ್ಕಳಲ್ಲಿ ಮತ್ತೆ ಆರಿಸಿದರು. 1975ರಲ್ಲಿ ಅವರು ವರದಿ ಮಾಡಿದ ಪ್ರಕಾರ, ಎರಡೇ ಸುತ್ತಿನ ಆಯ್ಕೆಯಲ್ಲಿ ಮರುಚಿಗುರುವ ಗಿಡಗಳ ಪಾಲು ನೂರಕ್ಕೆ 12ರಿಂದ 67ಕ್ಕೆ ಏರಿತು. ಮೀಡಿಯಾ ಎಷ್ಟೇ ತಿದ್ದಿದರೂ ಅಷ್ಟು ದೊಡ್ಡ ನೆಗೆತ ಅಪರೂಪ. ನೆದರ್ಲೆಂಡ್ಸ್‌ನ ವಾಗನಿಂಗನ್‌ನಲ್ಲಿ ಕೋರ್ನೀಫ್ ತಂಡ ಟೊಮೆಟೊದ ಕಾಡು ಬಂಧುವಿನಿಂದ ಚಿಗುರುವ ಗುಣವನ್ನು ಬೆಳೆಯುವ ಟೊಮೆಟೊಗೆ ತಂದು, ಅದರ ಹಿಂದಿನ ಒಂದು ಜೀನ್ 3ನೇ ಕ್ರೋಮೋಸೋಮಿನಲ್ಲಿದೆ ಎಂದು 1993ರಲ್ಲಿ ಗುರುತಿಸಿತು.

ಟೊಮೆಟೊದಲ್ಲಿ ಇಷ್ಟು ಸಲೀಸಾದದ್ದು ಸ್ಟ್ರಾಬೆರಿಯಲ್ಲಿ ಯಾಕೆ ಕಷ್ಟ? ಅದಕ್ಕೆ ಈ ಬೆಳೆಯ ಹುಟ್ಟನ್ನು ನೋಡಬೇಕು. ನಾವು ತಿನ್ನುವ ಸ್ಟ್ರಾಬೆರಿ ಬಹಳ ಹಳೆಯದಲ್ಲ. ಫ್ರಾನ್ಸಿನ ಫ್ರೆಝಿಯೆ ಎಂಬ ಎಂಜಿನಿಯರ್ 1714ರಲ್ಲಿ ಚಿಲಿ ದೇಶದಿಂದ ದೊಡ್ಡ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಂದ. ಅವು ಬರೀ ಹೆಣ್ಣು ಗಿಡಗಳು. ಪಕ್ಕದಲ್ಲಿ ಉತ್ತರ ಅಮೆರಿಕದಿಂದ ಬಂದಿದ್ದ ಇನ್ನೊಂದು ಜಾತಿ ಇದ್ದಲ್ಲಿ ಮಾತ್ರ ಹಣ್ಣು ಕಟ್ಟಿತು. ಎರಡರ ಸಂಕರವೇ ಈಗಿನ ಸ್ಟ್ರಾಬೆರಿ. ಅದು ಸಂಕರ ಎಂದು 1766ರಲ್ಲಿ ಗುರುತಿಸಿದವನು ಡುಶೇನ್ ಎಂಬ ತರುಣ.

ಮನುಷ್ಯನಲ್ಲಿ ಕ್ರೋಮೋಸೋಮುಗಳ ಎರಡು ಗುಂಪು ಇದ್ದರೆ ಈ ಸ್ಟ್ರಾಬೆರಿಯಲ್ಲಿ ಎಂಟು. ಒಂದೊಂದು ಗುಂಪಿನಲ್ಲಿ 7, ಒಟ್ಟು 56. ಸಮಾಧಾನದ ಸಂಗತಿ ಏನೆಂದರೆ, ಎಂಟೂ ಕಲಸಿಹೋಗುವುದಿಲ್ಲ. ಪರಾಗ, ಅಂಡ ತಯಾರಾಗುವಾಗ ಹೆಚ್ಚಿನಮಟ್ಟಿಗೆ ತಮ್ಮ ತಮ್ಮ ಜೋಡಿಯ ಜೊತೆಗೇ ಸೇರುತ್ತವೆ. ನಾಲ್ಕು ಮನೆತನ ಒಂದೇ ಸೂರಿನಡಿ ಇದ್ದು, ಮದುವೆ ಮಾತ್ರ ತಮ್ಮೊಳಗೇ ಮಾಡಿಕೊಂಡ ಹಾಗೆ. ಹಾಗಾಗಿ ಗುಣಗಳು ಮಕ್ಕಳಿಗೆ ಹೇಗೆ ಹಂಚಿಹೋಗುತ್ತವೆ ಎಂಬ ಮೆಂಡೆಲ್‌ನ ಲೆಕ್ಕ ಇಲ್ಲಿ ಪೂರ್ತಿ ಕೈಬಿಡುವುದಿಲ್ಲ. ಆದರೆ ಒಂದೇ ಕೆಲಸದ ಜೀನ್ ನಾಲ್ಕು ಜೋಡಿಗಳಲ್ಲಿ, ಎಂಟು ಪ್ರತಿಗಳಲ್ಲಿ ಇರಬಹುದು. ಒಂದು ಪ್ರತಿ ಕೆಟ್ಟರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ಚಿಗುರುವ ಗುಣ ಇದ್ದೂ ಕಾಣಿಸದೆ, ಇಲ್ಲದೆಯೂ ಇದ್ದಂತೆ ತೋರಬಹುದು.

ಇನ್ನೊಂದು ಮಾತು. ಸ್ಟ್ರಾಬೆರಿ ತಳಿಯನ್ನು ಹಂಬಿನಿಂದಲೇ ಬೆಳೆಸುವುದರಿಂದ, ಅದರೊಳಗಿನ ಜೋಡಿ ಪ್ರತಿಗಳು ಒಂದಕ್ಕೊಂದು ಭಿನ್ನವಾಗಿದ್ದರೂ ತೊಂದರೆ ಇಲ್ಲ. ಭತ್ತದ ತಳಿ ಹಾಗಲ್ಲ. ಅದು ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಂಡು ಒಂದೇ ಬಗೆಯಾಗಿರುತ್ತದೆ. ಸ್ಟ್ರಾಬೆರಿ ಫೆಸ್ಟಿವಲ್‌ನ ಒಳಗೆ ಬಚ್ಚಿಟ್ಟ ವ್ಯತ್ಯಾಸ ತುಂಬಾ ಇತ್ತು. ಅದರದ್ದೇ ಪರಾಗ ಅದಕ್ಕೇ ಸೇರಿಸಿದಾಗ ಜೋಡಿಗಳು ಬಿಚ್ಚಿ ಮತ್ತೆ ಕೂಡಿದವು. ಕೆಲವು ಮಕ್ಕಳಲ್ಲಿ ಚಿಗುರಿಗೆ ಒಳ್ಳೆಯ ಪ್ರತಿಗಳು ಎರಡೂ ಕಡೆಯಿಂದ ಬಂದಿರುತ್ತವೆ, ಕೆಲವಕ್ಕೆ ಎರಡೂ ಕಡೆಯಿಂದ ತಪ್ಪಿರುತ್ತವೆ. ಎಲ್ಎಫ್9 ಸಿಕ್ಕಿದ್ದರ ಹಿಂದಿನ ತರ್ಕ ಇದೇ.

ಒಂದು ತಳಿ 'ಚೆನ್ನಾಗಿ ಚಿಗುರುತ್ತದೆ' ಎಂದು ಹೇಳುವುದು ಸುಲಭ. ಅದರಲ್ಲಿ ಎಷ್ಟು ಪಾಲು ವಂಶದ್ದು ಎಂದು ಅಳೆಯುವುದು ಕಷ್ಟ. ತಪ್ಪುವುದು ಹೆಚ್ಚಾಗಿ ಇಲ್ಲೇ.

ಎರಡು ಗಿಡಗಳನ್ನು ಹೋಲಿಸುತ್ತೀರಿ ಅಂದುಕೊಳ್ಳಿ. ಒಂದರ ಎಲೆ ಎಳೆಯದು, ಆಗಷ್ಟೇ ಬಿಚ್ಚಿಕೊಂಡದ್ದು. ಇನ್ನೊಂದರದ್ದು ಬಲಿತದ್ದು. ಎಳೆ ಎಲೆಯೇ ಗೆಲ್ಲುತ್ತದೆ. ಅದು ವಂಶದ ಗೆಲುವಲ್ಲ. ಒಂದು ಗಿಡ ಹಲವು ತಿಂಗಳಿಂದ ಬಾಟಲಿಯಲ್ಲೇ ಬೆಳೆದದ್ದು, ಇನ್ನೊಂದು ಹೊಲದಿಂದ ಬಂದದ್ದು. ಬಾಟಲಿಯ ಗಿಡ ಆಗಲೇ ಹಾರ್ಮೋನಿಗೆ ಪಳಗಿರುತ್ತದೆ. ಒಂದಕ್ಕೆ ವೈರಸ್ ತಗುಲಿದೆ, ಇನ್ನೊಂದಕ್ಕಿಲ್ಲ. ಹೀಗೆ ತಾಯಿಗಿಡದ ಪರಿಸ್ಥಿತಿಯೇ ತಳಿಯ ವೇಷ ಹಾಕಿಕೊಂಡು ಬರುತ್ತದೆ. ಎಲೆಯಲ್ಲಿ ಗೆದ್ದ ತಳಿ ಎಲೆಯ ತೊಟ್ಟಿನಲ್ಲಿ ಸೋಲುವುದೂ ಉಂಟು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್‌ನ ಸಂಶೋಧಕರು 2003ರಲ್ಲಿ ಏಳು ವಾಣಿಜ್ಯ ತಳಿಗಳ ಎಲೆ, ತೊಟ್ಟು, ಬೇರು, ತೊಟ್ಟಿನ ಬುಡದ ರೆಕ್ಕೆ ಎಲ್ಲವನ್ನೂ ಪರೀಕ್ಷೆಗಿಟ್ಟದ್ದು ಈ ಕಾರಣಕ್ಕೇ. ತಳಿ ಯಾವುದು ಎಂಬುದರ ಜೊತೆ ಗಿಡದ ಯಾವ ಭಾಗ ಎಂಬುದೂ ಸೇರಿಕೊಳ್ಳುತ್ತದೆ. ಇದಕ್ಕೆ ಮೀಡಿಯಾವನ್ನೂ ಸೇರಿಸಿ. ಒಂದು ಮೀಡಿಯಾದಲ್ಲಿ ಮೊದಲ ಸ್ಥಾನ ಪಡೆದ ತಳಿ ಇನ್ನೊಂದರಲ್ಲಿ ಮೂರನೆಯದಾಗಬಹುದು.

ಆದ್ದರಿಂದ ಸರಿಯಾದ ಅಳತೆಗೆ ತಾಳ್ಮೆ ಬೇಕು. ಪ್ರತಿ ಗಿಡದಿಂದ ಹಲವು ಹಂಬಿನ ಮರಿಗಳನ್ನು ತೆಗೆದು, ಒಂದೇ ಕೋಣೆಯಲ್ಲಿ, ಒಂದೇ ಬೆಳಕಿನಲ್ಲಿ ಬೆಳೆಸಬೇಕು. ಒಂದೇ ತಳಿಯ ಮರಿಗಳ ನಡುವೆ ಬರುವ ವ್ಯತ್ಯಾಸ ವಂಶದ್ದಲ್ಲ, ಪರಿಸರದ್ದು. ಅದನ್ನು ಕಳೆದ ಮೇಲೆ ತಳಿ ತಳಿಗಳ ನಡುವೆ ಉಳಿಯುವುದೇ ವಂಶದ ಪಾಲು. ಹಂಬಿನ ಬೆಳೆ ಆದ್ದರಿಂದ ಸ್ಟ್ರಾಬೆರಿಯಲ್ಲಿ ಈ ಪರೀಕ್ಷೆ ಮಾಡಲು ಅನುಕೂಲ ಜಾಸ್ತಿ. ಒಂದೇ ಗಿಡದ ಎಷ್ಟು ನಕಲು ಬೇಕಾದರೂ ಸಿಗುತ್ತದೆ.

ಇಷ್ಟಾದರೂ ಅರ್ಧ ಉತ್ತರ ಮಾತ್ರ. ವಂಶದ ಪಾಲೆಲ್ಲ ಮಕ್ಕಳಿಗೆ ಹಾಗೇ ಹೋಗುವುದಿಲ್ಲ. ಒಂದು ಲೆಕ್ಕಕ್ಕೆ ಹೇಳೋಣ. ನೂರು ಎಲೆ ಚೂರಿನಲ್ಲಿ 80 ಚಿಗುರುವ ತಳಿಯನ್ನು 20 ಚಿಗುರುವ ತಳಿಯ ಜೊತೆ ಸಂಕರ ಮಾಡಿದಿರಿ. ಮಕ್ಕಳ ಸರಾಸರಿ 50ರ ಆಸುಪಾಸು ಬಂದರೆ, ಜೀನ್‌ಗಳು ಒಂದೊಂದು ಹಿಡಿ ಹಾಕಿದ ಹಾಗೆ ಕೂಡಿಕೊಳ್ಳುತ್ತಿವೆ. ಒಳ್ಳೆಯ ತಂದೆ ತಾಯಿಯನ್ನು ಆರಿಸುತ್ತಾ ಹೋದರೆ ಗುಣ ಏರುತ್ತದೆ. ಸರಾಸರಿ 80ರ ಹತ್ತಿರ ಬಂದರೆ ಒಳ್ಳೆಯ ಪ್ರತಿ ಪ್ರಬಲವಾಗಿದೆ. ಒಬ್ಬ ಪೋಷಕ ಚೆನ್ನಾಗಿದ್ದರೂ ಸಾಕು, ಆದರೆ ಮೊಮ್ಮಕ್ಕಳಲ್ಲಿ ಗುಣ ಮತ್ತೆ ಚದುರುತ್ತದೆ. ಕೆಲವೊಮ್ಮೆ ಎರಡು ಸಾಧಾರಣ ತಳಿಗಳು ಸೇರಿ ಇಬ್ಬರನ್ನೂ ಮೀರಿಸಿದ ಮಗು ಹುಟ್ಟುತ್ತದೆ. ಅದು ಆ ಜೋಡಿಯ ಭಾಗ್ಯ, ಇನ್ನೊಂದು ಜೋಡಿಯಲ್ಲಿ ಬರಲಾರದು. ಇದನ್ನೆಲ್ಲ ತಿಳಿಯಲು ಹಲವು ತಳಿಗಳನ್ನು ಎಲ್ಲ ಜೋಡಿಗಳಲ್ಲಿ ಸಂಕರ ಮಾಡಿ ನೋಡುತ್ತಾರೆ. ಹಾಗೆಯೇ ತಾಯಿ ತಂದೆಯನ್ನು ಅದಲುಬದಲು ಮಾಡಿ ನೋಡುತ್ತಾರೆ. ಅದಲುಬದಲು ಮಾಡಿದಾಗ ಫಲಿತಾಂಶ ಬದಲಾದರೆ, ತಾಯಿಯ ಮೂಲಕವೇ ಬರುವ ಏನೋ ಒಂದು ಕೆಲಸ ಮಾಡುತ್ತಿದೆ ಎಂದರ್ಥ.

ಸ್ಟ್ರಾಬೆರಿಯಲ್ಲಿ ಕೆಲಸ ಸುಲಭ ಮಾಡಲು ಕಾಡು ಸ್ಟ್ರಾಬೆರಿಯ ಕಡೆ ಹೋದವರೂ ಇದ್ದಾರೆ. ಫ್ರಗೇರಿಯಾ ವೆಸ್ಕಾ ಎಂಬ ಅದರ ಜಾತಿಯಲ್ಲಿ ಕ್ರೋಮೋಸೋಮ್ 14 ಮಾತ್ರ, ಎರಡೇ ಗುಂಪು. ಅದರಲ್ಲಿ 'ಹವಾಯಿ 4' ಎಂಬ ಗಿಡ ಎಲೆಯಿಂದ ಚೆನ್ನಾಗಿ ಚಿಗುರುತ್ತದೆ. 2006ರ ಹೊತ್ತಿಗೆ ಅಮೆರಿಕದ ವರ್ಜೀನಿಯಾದಲ್ಲಿ ಅದಕ್ಕೆ ಹೊಸ ಜೀನ್ ಸೇರಿಸುವ ವಿಧಾನ ಹದಕ್ಕೆ ಬಂದಿತ್ತು. 2011ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಕಾಡು ಸ್ಟ್ರಾಬೆರಿಯ ಪೂರ್ತಿ ಜೀನೋಮ್, ಅಂದರೆ ಅದರ ಡಿಎನ್‌ಎಯ ಇಡೀ ಪಾಠ, ಬಂದಾಗ ಅದಕ್ಕೆ ಬಳಸಿದ್ದು ಇದೇ ಹವಾಯಿ 4. ತಟ್ಟೆಯಲ್ಲಿ ಚಿಗುರುವ ಒಂದು ಗುಣ ಇಡೀ ಜಾತಿಯ ಪ್ರತಿನಿಧಿ ಯಾರು ಎಂಬುದರಲ್ಲೂ ಪಾತ್ರ ವಹಿಸಿತು. ಎಂಟು ಗುಂಪಿನ ಬೆಳೆ ಸ್ಟ್ರಾಬೆರಿಯ ಜೀನೋಮ್ 2019ರಲ್ಲಿ ಬಂತು, 'ಕಾಮರೋಸಾ' ತಳಿಯಿಂದ. ಈಗ ನಾಲ್ಕು ಮನೆತನಗಳಲ್ಲಿ ಯಾವ ಪ್ರತಿ ಎಲ್ಲಿದೆ ಎಂದು ನೋಡಲು ನಕ್ಷೆಯಿದೆ.

ಇದು ಇವತ್ತು ಯಾಕೆ ಮುಖ್ಯ ಎಂಬುದಕ್ಕೆ ಗಿಡದ ಜೀನನ್ನೇ ತಿದ್ದುವ ಜೀನ್ ಎಡಿಟಿಂಗ್ ಕಡೆ ನೋಡಬೇಕು. ಭಾರತದಲ್ಲಿ 2022ರಲ್ಲಿ ಕೆಲವು ಬಗೆಯ ಜೀನ್ ಎಡಿಟಿಂಗ್‌ಗೆ ನಿಯಮ ಸಡಿಲವಾಯಿತು. ಹೊರಗಿನ ಜೀನ್ ಉಳಿಯದ ಗಿಡಗಳಿಗೆ ಕುಲಾಂತರಿ ಬೆಳೆಗಳ ಕಠಿಣ ಕಟ್ಟಳೆಯಿಂದ ವಿನಾಯಿತಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎರಡು ಎಡಿಟೆಡ್ ಭತ್ತದ ತಳಿಗಳನ್ನು ಪ್ರಕಟಿಸಿತು. ಅದರಲ್ಲಿ ಒಂದು ಡಿಆರ್‌ಆರ್ ಧಾನ್ 100, ಅದರದ್ದೇ ಇನ್ನೊಂದು ಹೆಸರು ಕಮಲಾ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಪರಿಚಯವಿರುವ ಬಿಪಿಟಿ 5204, ಅಂದರೆ ಸಾಂಬಾ ಮಸೂರಿಯಿಂದ ಮಾಡಿದ್ದು. ಅದರಲ್ಲಿ ತಿದ್ದಿದ ಜೀನ್ ಸೈಟೊಕೈನಿನ್ ಹಾರ್ಮೋನನ್ನು ಒಡೆಯುವ ಕಿಣ್ವದ್ದು. ತಟ್ಟೆಯಲ್ಲಿ ಚಿಗುರು ಬರಿಸಲು ಲ್ಯಾಬ್‌ನವರು ಸುರಿಯುವ ಅದೇ ಬಗೆಯ ಹಾರ್ಮೋನ್. ತೆನೆಯಲ್ಲಿ ಅದು ಉಳಿದರೆ ಕಾಳು ಜಾಸ್ತಿ.

ಸುದ್ದಿಗಳಲ್ಲಿ ಎಡಿಟಿಂಗ್‌ನ ಕತ್ತರಿಯ ಬಗ್ಗೆ, ಅಂದರೆ ಡಿಎನ್‌ಎ ಕತ್ತರಿಸುವ ಪ್ರೋಟೀನಿನ ಬಗ್ಗೆ, ಮಾತ್ರ ಮಾತು. ಕತ್ತರಿ ಈಗ ಸುಲಭ. ಕಷ್ಟ ಇರುವುದು ಕತ್ತರಿ ಬಿದ್ದ ಒಂದು ಕೋಶದಿಂದ ಇಡೀ ಗಿಡ ಎಬ್ಬಿಸುವುದರಲ್ಲಿ. ಸ್ಟ್ರಾಬೆರಿಯಲ್ಲಿ ಈ ಕಷ್ಟ ದುಪ್ಪಟ್ಟು.

ಮೊದಲನೆಯದು, ಎಂಟು ಪ್ರತಿಗಳನ್ನೂ ಒಟ್ಟಿಗೆ ತಿದ್ದಬೇಕಾಗಬಹುದು. ನೂರು ಚಿಗುರಿನಲ್ಲಿ ಹಾಗೆ ತಿದ್ದಿದ್ದು ಒಂದೋ ಎರಡೋ ಸಿಗಬಹುದು. ಹಾಗಾಗಿ ಚಿಗುರು ದಂಡಿಯಾಗಿ ಬೇಕು. ಎರಡನೆಯದು ಇನ್ನೂ ಗಂಭೀರ. ಭತ್ತದಲ್ಲಿ ಕತ್ತರಿಯ ಜೀನ್ ಗಿಡದೊಳಗೆ ಉಳಿದಿದ್ದರೆ, ಬೀಜ ಮಾಡಿ ಮಕ್ಕಳಲ್ಲಿ ಅದು ಇಲ್ಲದ ಗಿಡವನ್ನು ಆರಿಸುತ್ತಾರೆ. ತಳಿ ಹಾಗೇ ಉಳಿಯುತ್ತದೆ. ಸ್ಟ್ರಾಬೆರಿಯಲ್ಲಿ ಬೀಜ ಮಾಡಿದ ಕ್ಷಣವೇ ತಳಿ ಒಡೆದುಹೋಗುತ್ತದೆ. ಫೆಸ್ಟಿವಲ್‌ನ ಮಗು ಫೆಸ್ಟಿವಲ್ ಅಲ್ಲ, ಅದನ್ನು ಮೇಲೆ ನೋಡಿದೆವು. ಹಾಗಾಗಿ ಕತ್ತರಿಯ ಜೀನನ್ನು ಗಿಡದ ಡಿಎನ್‌ಎಗೆ ಸೇರಿಸದೆ, ಪ್ರೋಟೀನ್ ರೂಪದಲ್ಲೋ ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುವ ಹಾಗೋ ಕೋಶಕ್ಕೆ ಕೊಡಬೇಕು. ಆಗ, ಔಷಧಿ ತಡೆಯುವ ಜೀನನ್ನೂ ಜೊತೆಗೆ ಸೇರಿಸಿ, ಔಷಧಿ ಹಾಕಿ ಉಳಿದ ಕೋಶಗಳನ್ನು ಕೊಂದು ತಿದ್ದಿದ ಕೋಶವನ್ನು ಬೇರೆ ಮಾಡುವ ಅನುಕೂಲವೂ ಇರುವುದಿಲ್ಲ. ಬಂದ ಚಿಗುರುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬೇಕು. ಕಡಿಮೆ ಚಿಗುರುವ ತಳಿಯಲ್ಲಿ ಈ ಕೆಲಸ ಹೆಚ್ಚುಕಡಿಮೆ ಅಸಾಧ್ಯ. 2021ರಲ್ಲಿ ಅಮೆರಿಕದ ಸಿಂಪ್ಲಾಟ್ ಕಂಪನಿ ಜೀನ್ ಎಡಿಟೆಡ್ ಸ್ಟ್ರಾಬೆರಿಯ ಕೆಲಸಕ್ಕೆ ಕೈಹಾಕುವುದಾಗಿ ಪ್ರಕಟಿಸಿತು. ಆ ಹಾದಿಯಲ್ಲಿ ಯಾರೇ ನಡೆದರೂ ಎದುರಾಗುವ ಮೊದಲ ಬಾಗಿಲು ಇದು.

ಬಾಗಿಲನ್ನು ಬಲವಂತವಾಗಿ ತೆರೆಯುವ ಉಪಾಯಗಳೂ ಬಂದಿವೆ. ಬೇಬಿ ಬೂಮ್ ಮತ್ತು ವುಶೆಲ್ ಎಂಬ ಜೀನ್‌ಗಳನ್ನು ಜೊತೆಗೆ ಕೊಟ್ಟು, ಮೊಂಡು ಜೋಳದ ತಳಿಗಳಿಂದಲೂ ಗಿಡ ಪಡೆಯಬಹುದೆಂದು 2016ರಲ್ಲಿ ತೋರಿಸಿದರು. ಇಲ್ಲಿ ಜೋಳ ಅಂದರೆ ಮೆಕ್ಕೆಜೋಳ. 2020ರಲ್ಲಿ ಗೋಧಿಯಲ್ಲಿ ಜಿಆರ್‌ಎಫ್4 ಮತ್ತು ಜಿಐಎಫ್1 ಎಂಬ ಎರಡನ್ನು ಜೋಡಿಸಿ ಇನ್ನೂ ಸೌಮ್ಯವಾದ ದಾರಿ ಕಂಡುಕೊಂಡರು. ಇವು ದೊಡ್ಡ ಹೆಜ್ಜೆಗಳು. ಆದರೆ ಬೇಬಿ ಬೂಮ್, ವುಶೆಲ್ ಜೀನ್‌ಗಳು ಗಿಡದಲ್ಲೇ ಉಳಿದರೆ ಬೆಳವಣಿಗೆ ಕೆಡುತ್ತದೆ. ತೆಗೆಯಲೇಬೇಕು. ತೆಗೆಯಲು ಬೀಜ ಮಾಡಲಾಗದ ಸ್ಟ್ರಾಬೆರಿಗೆ ಮತ್ತೆ ಅದೇ ಇಕ್ಕಟ್ಟು. ಗಿಡದ ಸ್ವಂತ ಗುಣವನ್ನೇ ಬೆಳೆಸುವ ದಾರಿ ನಿಧಾನ, ಆದರೆ ಅದರಲ್ಲಿ ಆಮೇಲೆ ತೆಗೆಯಬೇಕಾದ್ದು ಏನೂ ಇರುವುದಿಲ್ಲ.

ಈ ಗುಣದ ಬೆನ್ನು ಹತ್ತುವಾಗ ನನಗೆ ಎರಡು ಆತಂಕಗಳಿವೆ. ಕ್ಯಾಲಸ್ ದಾಟಿ ಬಂದ ಗಿಡಗಳಲ್ಲಿ ಬದಲಾವಣೆ ನುಸುಳುವುದು ಒಂದು. ಇದಕ್ಕೆ 1981ರಲ್ಲೇ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಹೆಸರು ಕೊಟ್ಟು, ಸೋಮಾಕ್ಲೋನಲ್ ವೇರಿಯೇಷನ್ ಎಂದರು. ಚೂರುಚೂರಿಗೂ ಬೇಗ ಚಿಗುರುವ ಗಿಡ ಒಳ್ಳೆಯದು, ಆದರೆ ಬಂದ ಚಿಗುರು ತಾಯಿಯ ಹಾಗೇ ಇದೆಯಾ ಎಂಬುದನ್ನು ಹೊಲದಲ್ಲಿ ಹಣ್ಣು ಬರುವವರೆಗೂ ನೋಡಬೇಕು. ಬೇಗ ಚಿಗುರುವುದನ್ನು ಮಾತ್ರ ಎಣಿಸಿದರೆ ಈ ಲೆಕ್ಕ ತಪ್ಪುತ್ತದೆ.

ಎರಡನೆಯದು ದೊಡ್ಡದು. ಲ್ಯಾಬ್‌ಗೆ ಒಗ್ಗುವ ಗಿಡವೇ ಲ್ಯಾಬ್‌ನ ಮುದ್ದಿನ ಗಿಡವಾಗುತ್ತದೆ. ಎಲ್ಎಫ್9 ಜೀನ್‌ಗಳ ಕೆಲಸ ತಿಳಿಯಲು ಬಂದ ಗಿಡ, ಸಂತೆಗೆ ಹಣ್ಣು ಕಳಿಸಲು ಬಂದದ್ದಲ್ಲ. ಹವಾಯಿ 4 ಕೂಡ ಹಾಗೇ. ಅವುಗಳಲ್ಲಿ ಕಲಿತದ್ದು ರೈತನ ತಳಿಗೆ ತಾನಾಗಿಯೇ ದಾಟುವುದಿಲ್ಲ. ದಾಟಿಸಬೇಕಾದರೆ ಚಿಗುರುವ ಗುಣವನ್ನೇ ರೈತನ ತಳಿಗೆ ಸಂಕರದಿಂದ ತರಬೇಕು. ಕುದುರೆ ಮಸಾಲೆಯಲ್ಲಿ, ಟೊಮೆಟೊದಲ್ಲಿ ಮಾಡಿದ್ದು ಇದನ್ನೇ.

ನಮ್ಮ ಪಕ್ಕದ ಮಹಾರಾಷ್ಟ್ರದ ಮಹಾಬಳೇಶ್ವರ, ಪಂಚಗಣಿ ಬೆಟ್ಟಗಳಲ್ಲಿ ಭಾರತದ ಸ್ಟ್ರಾಬೆರಿಯ ಬಹುಪಾಲು ಬೆಳೆಯುತ್ತದೆ. ಮಹಾಬಳೇಶ್ವರ ಸ್ಟ್ರಾಬೆರಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ಅಲ್ಲಿ ಬೆಳೆಯುವ ಸ್ವೀಟ್ ಚಾರ್ಲಿ, ವಿಂಟರ್ ಡಾನ್, ಕಾಮರೋಸಾ ಎಲ್ಲವೂ ಫ್ಲಾರಿಡಾ, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ತಳಿಗಳು. ತಾಯಿಗಿಡಗಳೂ ಹೊರದೇಶದಿಂದ ಬರುತ್ತವೆ, ಅವುಗಳ ಹಂಬಿನಿಂದ ಇಲ್ಲಿ ಸಸಿ ಮಾಡುತ್ತಾರೆ. ನಮ್ಮ ಬಿಸಿಲಿಗೆ, ನಮ್ಮ ಚಿಕ್ಕ ಚಳಿಗಾಲಕ್ಕೆ ತಕ್ಕ ಸ್ಟ್ರಾಬೆರಿ ಮಾಡಬೇಕೆಂದು ಯಾರಾದರೂ ಸಂಕರ ಶುರುಮಾಡಿದರೆ, ಆ ಕೆಲಸದ ಮೊದಲ ತಿಂಗಳಲ್ಲೇ ಒಂದು ಪರೀಕ್ಷೆ ಮಾಡಬಹುದು. ಪೋಷಕರಾಗಲಿರುವ ಪ್ರತಿ ತಳಿಯಿಂದ ಒಂದಷ್ಟು ಎಳೆ ಎಲೆ, ಒಂದೆರಡು ಮೀಡಿಯಾ, ಕೆಲವು ವಾರಗಳ ಕಾಯುವಿಕೆ. ಇದಕ್ಕೆ ದುಬಾರಿ ಯಂತ್ರ ಬೇಡ. ಬೆಂಗಳೂರಿನಲ್ಲಿ ಬಾಳೆ ಸಸಿ ಮಾಡುವ ಸಾಧಾರಣ ಲ್ಯಾಬ್‌ನಲ್ಲೂ ಆಗುವಂಥದ್ದು.

ರುಚಿ ಇದ್ದೂ ಚಿಗುರದ ತಳಿಯನ್ನು ಹಾಗಂತ ಕೈಬಿಡಬೇಕಿಲ್ಲ. ಅದಕ್ಕೆ ಚೆನ್ನಾಗಿ ಚಿಗುರುವ ಜೋಡಿ ಹುಡುಕಿದರಾಯಿತು. ಆಮೇಲೆ ಹುಟ್ಟಿದ ಸಸಿಗಳಲ್ಲಿ ಹಣ್ಣಿನ ಸಿಹಿ, ಗಟ್ಟಿತನ, ರೋಗ ಎಲ್ಲವನ್ನೂ ಬರೆದುಕೊಳ್ಳುವ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಬೇಕು: ನೂರು ಎಲೆ ಚೂರಿನಲ್ಲಿ ಎಷ್ಟು ಚಿಗುರಿದವು.